ಒಣ ಬಿಸಿಲಿನ ತೋಟದಲ್ಲಿ ಜೆರೇನಿಯಂ: ಬೇಸಿಗೆಯಲ್ಲಿ ಅದನ್ನು ಅದರ ಪಾಡಿಗೆ ಬಿಡಿ

ಪ್ರಶ್ನೆ: ನಮ್ಮದು ಬಿಸಿಲು ಜಾಸ್ತಿ, ಮಳೆ ಕಡಿಮೆ ಇರುವ ಜಾಗ. ಚಳಿಗಾಲದಲ್ಲಿ ತಂದ ಕೆಂಪು ಜೆರೇನಿಯಂಗಳು ಕುಂಡದಲ್ಲಿ ಚೆನ್ನಾಗಿ ಹೂ ಬಿಟ್ಟವು. ಬಿಸಿಲು ಏರಿದ ಮೇಲೆ ಹೂ ನಿಂತಿತು, ಎಲೆ ಹಳದಿಯಾಯಿತು. ಮಧ್ಯಾಹ್ನ ಬಾಡುತ್ತವೆ ಅಂತ ದಿನಕ್ಕೆ ಎರಡು ಸಲ ನೀರು ಹಾಕಿದೆ, ಗೊಬ್ಬರವನ್ನೂ ಕೊಟ್ಟೆ. ಈಗ ಒಂದು ಗಿಡ ಬುಡದಲ್ಲಿ ಕಪ್ಪಾಗಿದೆ. ತೋಟಗಾರಿಕೆಯ ಪುಸ್ತಕದಲ್ಲಿ ನೋಡಿದರೆ ಜೆರೇನಿಯಂಗೆ ನೆರಳು, ತೇವದ ಮಣ್ಣು ಬೇಕು, ಹಿಮ ಬಿದ್ದರೂ ಅದು ಸಾಯುವುದಿಲ್ಲ ಅಂತ ಬರೆದಿದೆ. ನಾನು ಏನು ಮಾಡಬೇಕಿತ್ತು? ನೆಲದಲ್ಲೇ ನೆಡಬಹುದಾದ ಜೆರೇನಿಯಂ ಯಾವುದಾದರೂ ಇದೆಯಾ?

ಉತ್ತರ: ಮೊದಲು ಆ ಕಪ್ಪಾದ ಗಿಡದ ಕಥೆ ಮುಗಿಸಿಬಿಡೋಣ. ಬುಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿ, ಒಣಗಿದ ಕಂದು ತೊಗಟೆಯ ತರಹ ಇದ್ದರೆ ಚಿಂತೆ ಬೇಡ. ಹಳೆಯ ಜೆರೇನಿಯಂ ಬುಡದಲ್ಲಿ ಮರವಾಗುವುದು ಸಹಜ. ಮೆತ್ತಗಾಗಿ, ನೀರೂರಿ, ಇದ್ದಿಲಿನಂಥ ಕಪ್ಪು ಮೇಲಕ್ಕೆ ಏರುತ್ತಿದ್ದರೆ ಅದು ಬುಡ ಕೊಳೆ. ಸಾಮಾನ್ಯವಾಗಿ ಪಿಥಿಯಂ ಅನ್ನುವ ಸೂಕ್ಷ್ಮಜೀವಿಯ ಕೆಲಸ ಇದು, ಮಣ್ಣು ಸದಾ ಒದ್ದೆ ಇದ್ದರೆ ಅದಕ್ಕೆ ಹಬ್ಬ. ಆ ಬುಡ ಇನ್ನು ಉಳಿಯುವುದಿಲ್ಲ. ತುದಿಯಲ್ಲಿ ಇನ್ನೂ ಗಟ್ಟಿ ಹಸಿರು ಉಳಿದಿದ್ದರೆ ಅಲ್ಲಿಂದ ಒಂದು ಕಡ್ಡಿ ಕತ್ತರಿಸಿ, ಕತ್ತರಿಸಿದ ಮುಖವನ್ನು ನೋಡಿ. ಒಳಗೆಲ್ಲ ತಿಳಿ ಹಸಿರಾಗಿದ್ದರೆ ನೆಟ್ಟು ನೋಡಬಹುದು. ಕಂದು ಚುಕ್ಕೆಯೋ ಕಂದು ಉಂಗುರವೋ ಕಂಡರೆ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ, ಮಣ್ಣಿನ ಸಮೇತ ಎಸೆದುಬಿಡಿ. ಆ ಮಣ್ಣನ್ನು ಇನ್ನೊಂದು ಜೆರೇನಿಯಂಗೆ ಬಳಸಬೇಡಿ, ಕುಂಡವನ್ನು ಸೋಪು ಹಾಕಿ ತೊಳೆದು ಬಿಸಿಲಿಗಿಡಿ.

ಇನ್ನು ನಿಮ್ಮ ಪುಸ್ತಕ. ಅದು ಸುಳ್ಳು ಹೇಳುತ್ತಿಲ್ಲ, ಆದರೆ ಬೇರೆ ಗಿಡದ ವಿಷಯ ಹೇಳುತ್ತಿದೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಗಿಡಗಳಿಗೆ ಹೆಸರಿಡುವಾಗ ಈ ಗುಂಪನ್ನೆಲ್ಲ ಜೆರೇನಿಯಂ ಅಂತ ಒಟ್ಟಿಗೆ ಹಾಕಿದ. 1789ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಲೆರಿತಿಯೇ ಅದರಲ್ಲಿ ದಕ್ಷಿಣ ಆಫ್ರಿಕಾದ ಬಿಸಿಲಿನ ಗಿಡಗಳನ್ನು ಬೇರೆ ಮಾಡಿ ಪೆಲಾರ್ಗೋನಿಯಂ ಅಂತ ಕರೆದ. ಅಷ್ಟು ಹೊತ್ತಿಗೆ ಜನರ ಬಾಯಲ್ಲಿ ಹಳೆಯ ಹೆಸರು ಕೂತುಬಿಟ್ಟಿತ್ತು. ಇವತ್ತಿಗೂ ನರ್ಸರಿಯಲ್ಲಿ ಜೆರೇನಿಯಂ ಅಂತ ಕೊಡುವುದು ಪೆಲಾರ್ಗೋನಿಯಂ, ಪುಸ್ತಕದಲ್ಲಿ ಹಿಮ ತಡೆಯುವ ಜೆರೇನಿಯಂ ಅಂತ ಬರೆದಿರುವುದು ನಿಜವಾದ ಜೆರೇನಿಯಂ. ಎರಡೂ ಒಂದೇ ಕುಟುಂಬದವು, ಆದರೆ ಬೇಕುಬೇಡಗಳು ಪೂರ್ತಿ ಬೇರೆ.

ನಿಮ್ಮ ಹತ್ತಿರ ಇರುವುದು ಯಾವುದು ಅಂತ ಗೊತ್ತು ಮಾಡಿಕೊಳ್ಳಲು ಹೂವನ್ನೇ ನೋಡಿ. ನಿಜವಾದ ಜೆರೇನಿಯಂನ ಐದು ಎಸಳು ಸುತ್ತಲೂ ಒಂದೇ ತರಹ ಇರುತ್ತವೆ. ಪೆಲಾರ್ಗೋನಿಯಂನಲ್ಲಿ ಮೇಲಿನ ಎರಡು ಎಸಳು ಕೆಳಗಿನ ಮೂರಕ್ಕಿಂತ ಬೇರೆ. ಆದರೆ ನರ್ಸರಿಯ ಹೊಸ ತಳಿಗಳಲ್ಲಿ ಎಸಳುಗಳನ್ನು ಎಷ್ಟು ದುಂಡಗೆ ಮಾಡಿಟ್ಟಿದ್ದಾರೆ ಅಂದರೆ ಈ ಗುರುತು ಕೈಕೊಡುತ್ತದೆ, ಸುತ್ತೆಸಳಿನ ಹೂವಾದರಂತೂ ಏನೂ ಗೊತ್ತಾಗುವುದಿಲ್ಲ. ಆಗ ಒಂಟಿ ಹೂವಿನ ತೊಟ್ಟನ್ನು ನೋಡಿ. ಪೆಲಾರ್ಗೋನಿಯಂನಲ್ಲಿ ಮಕರಂದದ ಸಣ್ಣ ನಳಿಗೆ ತೊಟ್ಟಿಗೇ ಅಂಟಿಕೊಂಡು ಕೆಳಗೆ ಇಳಿದಿರುತ್ತದೆ, ಅದು ಮುಗಿಯುವ ಕಡೆ ಚಿಕ್ಕದೊಂದು ಗುಬುಟು ಕಾಣುತ್ತದೆ. ಬ್ಲೇಡಿನಿಂದ ತೊಟ್ಟನ್ನು ಅಡ್ಡಕ್ಕೆ ಕೊಯ್ದರೆ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು. ನಿಜವಾದ ಜೆರೇನಿಯಂನಲ್ಲಿ ಇದು ಇರುವುದೇ ಇಲ್ಲ. ನೀವು ಹೇಳಿದ್ದನ್ನು ನೋಡಿದರೆ ನಿಮ್ಮದು ಪೆಲಾರ್ಗೋನಿಯಂ, ಅದರಲ್ಲೂ ಜೋನಲ್ ಅನ್ನುವ ಬಗೆ. ಎಲೆಯ ನಡುವೆ ಕಡುಬಣ್ಣದ ಪಟ್ಟಿ ಇದ್ದರೆ ಸಂಶಯವೇ ಬೇಡ. ಇನ್ನು ಮುಂದೆ ನಾನು ಬರೀ ಜೆರೇನಿಯಂ ಅಂದರೆ ಈ ಕುಂಡದ ಪೆಲಾರ್ಗೋನಿಯಂ ಅಂತಲೇ ಅರ್ಥ, ಇನ್ನೊಂದನ್ನು ‘ನಿಜವಾದ ಜೆರೇನಿಯಂ’ ಅನ್ನುತ್ತೇನೆ.

ಸುಮಾರು 280 ಜಾತಿಯ ಪೆಲಾರ್ಗೋನಿಯಂಗಳಿವೆ. ಹೆಚ್ಚಿನವುಗಳ ತವರು ದಕ್ಷಿಣ ಆಫ್ರಿಕಾ, ಅದರಲ್ಲೂ ಕೇಪ್ ಪ್ರದೇಶ. ಅದರ ಪಶ್ಚಿಮ ಭಾಗದಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣ ಒಣ. ಅಲ್ಲಿಯ ಕೆಲವು ಜಾತಿಗಳು ಬೇಸಿಗೆಯಲ್ಲಿ ಎಲೆಯನ್ನೆಲ್ಲ ಉದುರಿಸಿ, ನೆಲದೊಳಗಿನ ಗೆಡ್ಡೆಯ ಬಲದಲ್ಲಿ ಮಲಗಿಬಿಡುತ್ತವೆ. ಪೆಲಾರ್ಗೋನಿಯಂ ಟ್ರಿಸ್ಟೆ ಅಂಥದ್ದು. 1630ರ ದಶಕದಲ್ಲಿ ಇಂಗ್ಲೆಂಡ್ ತಲುಪಿದ ಗಿಡ ಅದು, ಹಗಲಿನಲ್ಲಿ ಮಂಕು, ರಾತ್ರಿ ಮಾತ್ರ ಘಮ. ನಿಮ್ಮ ಕೆಂಪು ಜೋನಲ್‌ನ ಪೂರ್ವಜರಾದ ಪೆಲಾರ್ಗೋನಿಯಂ ಜೋನೇಲ್, ಪೆಲಾರ್ಗೋನಿಯಂ ಇಂಕ್ವಿನಾನ್ಸ್ ಮಾತ್ರ ಸ್ವಲ್ಪ ಪೂರ್ವದ ಕಡೆಯವು, ಅಲ್ಲಿ ಬೇಸಿಗೆಯಲ್ಲೂ ಮಳೆ ಬರುತ್ತದೆ. ಹಾಗಾಗಿ ಜೋನಲ್ ಪೂರ್ತಿ ಮಲಗುವುದಿಲ್ಲ. ಆದರೆ ಹಗಲು 32 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದೆ ಹೋದರೆ ಕೆಲಸ ನಿಲ್ಲಿಸುತ್ತದೆ. ಹೊಸ ಮೊಗ್ಗು ಬರುವುದಿಲ್ಲ, ಬಂದ ಮೊಗ್ಗು ಒಣಗುತ್ತದೆ, ಎಲೆ ಚಿಕ್ಕದಾಗುತ್ತದೆ, ಕೆಲವು ತಳಿಗಳಲ್ಲಿ ಎಳೆ ಚಿಗುರು ಬಿಳಚಿಕೊಳ್ಳುತ್ತದೆ. ಇದು ರೋಗವಲ್ಲ, ಬಿಸಿಲು ಇಳಿಯಲಿ ಅಂತ ಗಿಡ ಕಾಯುತ್ತಿದೆ, ಅಷ್ಟೇ.

ನಿಮ್ಮ ತೊಂದರೆಯ ಬೇರು ಇರುವುದು ಇಲ್ಲೇ. ತಂಪು ದೇಶದವರು ಬರೆದ ಸಲಹೆಯಲ್ಲಿ ಜೆರೇನಿಯಂ ಅಂದರೆ ಬೇಸಿಗೆಯ ಹೂ. ಬೇಸಿಗೆಯಲ್ಲಿ ನೀರು, ಬೇಸಿಗೆಯಲ್ಲಿ ಗೊಬ್ಬರ, ಚಳಿಗಾಲದಲ್ಲಿ ವಿಶ್ರಾಂತಿ. ಬಿಸಿಲಿನ ಒಣ ಹವೆಯಲ್ಲಿ ಈ ಲೆಕ್ಕ ಪೂರ್ತಿ ತಿರುಗುಮುರುಗು. ಇಲ್ಲಿ ಅದು ಬೆಳೆಯುವುದು, ಹೂ ಬಿಡುವುದು ಬಿಸಿಲು ಇಳಿದ ಮೇಲಿಂದ ಮತ್ತೆ ಏರುವವರೆಗೆ. ಕಡು ಬೇಸಿಗೆ ಅದರ ವಿಶ್ರಾಂತಿಯ ಕಾಲ. ಸುಮ್ಮನೆ ಕೂತ ಗಿಡಕ್ಕೆ ನೀರು, ಗೊಬ್ಬರ ಅಂತ ಉಪಚಾರ ಮಾಡಲು ಹೋದರೆ ಅದು ಸಾಯುತ್ತದೆ. ಬರೀ ಬಿಸಿಲಿಗೆ ಸತ್ತ ಜೆರೇನಿಯಂಗಳಿಗಿಂತ, ಬಿಸಿಲಿಗೆ ಹೆದರಿದವರು ನೀರು ಹಾಕಿ ಹಾಕಿ ಸಾಯಿಸಿದ ಜೆರೇನಿಯಂಗಳೇ ಜಾಸ್ತಿ ಅಂತ ನನ್ನ ಅಂದಾಜು.

ನೀರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಇರುವುದು ಅದರಲ್ಲೇ.

ಮಧ್ಯಾಹ್ನ ಎಲೆ ಜೋತುಬಿದ್ದರೆ ನೀರು ಸಾಲದು ಅಂತಲೇ ಅರ್ಥವಲ್ಲ. ಸುಡುಬಿಸಿಲಿನಲ್ಲಿ ಎಲೆಯಿಂದ ನೀರು ಹಾರಿಹೋಗುವ ವೇಗಕ್ಕೆ ಬೇರು ಒದಗಿಸಲಾರದು, ಮಣ್ಣಲ್ಲಿ ಬೇಕಾದಷ್ಟು ತೇವ ಇದ್ದರೂ. ಸಂಜೆ ಹೊತ್ತಿಗೆ ಎಲೆ ತಾನೇ ಎದ್ದು ನಿಂತರೆ ಗಿಡಕ್ಕೆ ಏನೂ ಆಗಿಲ್ಲ. ನೋಡಬೇಕಾದದ್ದು ಬೆಳಗಿನ ಹೊತ್ತು, ಸೂರ್ಯ ಮೇಲೆ ಬರುವ ಮೊದಲು. ಆಗಲೂ ಎಲೆ ಜೋತಿದ್ದು, ಮಣ್ಣು ಒಣಗಿದ್ದರೆ ನೀರು ಬೇಕು. ಆಗಲೂ ಎಲೆ ಜೋತಿದ್ದು, ಮಣ್ಣು ಒದ್ದೆ ಇದ್ದರೆ ಬೇರು ಕೊಳೆಯುತ್ತಿದೆ. ನೋಡಲು ಎರಡೂ ಒಂದೇ ತರಹ, ಮಾಡಬೇಕಾದದ್ದು ಮಾತ್ರ ಪೂರ್ತಿ ವಿರುದ್ಧ. ಎಡವುವುದು ಇಲ್ಲೇ: ಬೇರು ಕೊಳೆತು ಬಾಡುತ್ತಿರುವ ಗಿಡಕ್ಕೆ ಮತ್ತೆ ನೀರು ಹುಯ್ಯುತ್ತಾರೆ.

ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣು ಬಿಸಿಯಾದಷ್ಟೂ ಬೇರಿಗೆ ಬೇಕಾಗುವ ಆಮ್ಲಜನಕ ಜಾಸ್ತಿ, ಆದರೆ ಬೆಚ್ಚಗಿನ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಮಧ್ಯಾಹ್ನ ಕಾದ ಕುಂಡಕ್ಕೆ ನೀರು ತುಂಬಿದರೆ ಬೇರು ಬಿಸಿನೀರಿನಲ್ಲಿ ಮುಳುಗಿ ಉಸಿರುಗಟ್ಟುತ್ತದೆ. ಜೆರೇನಿಯಂನ ದಪ್ಪ ಕಾಂಡದಲ್ಲಿ ನೀರಿನ ಸಂಗ್ರಹ ಇದೆ, ಎಲೆಯ ಮೇಲಿನ ನವಿರು ಕೂದಲು ಬಿಸಿಗಾಳಿಯನ್ನು ತಡೆಯುತ್ತದೆ. ಒಂದೆರಡು ದಿನ ನೀರು ತಪ್ಪಿದರೆ ಒಂದಷ್ಟು ಕೆಳಗಿನ ಎಲೆ ಹಳದಿಯಾಗಿ ಉದುರಬಹುದು, ಗಿಡ ಸಾಯುವುದಿಲ್ಲ. ನೀರು ಹೆಚ್ಚಾದರೆ ಮಾತ್ರ ತಪ್ಪಿಸಿಕೊಳ್ಳಲು ಅದಕ್ಕೆ ದಾರಿಯೇ ಇಲ್ಲ.

ಹಾಗಾದರೆ ಎಷ್ಟು ಹಾಕಬೇಕು? ದಿನಕ್ಕಿಷ್ಟು, ವಾರಕ್ಕಿಷ್ಟು ಅಂತ ಲೆಕ್ಕ ಕೊಟ್ಟರೆ ನಂಬಬೇಡಿ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ಅಲ್ಲಿಯೂ ಒಣಗಿದ್ದರೆ ಹಾಕಿ. ಕುಂಡವನ್ನು ಎತ್ತಿ ನೋಡುವ ಅಭ್ಯಾಸ ಆದರೆ ಬೆರಳೂ ಬೇಡ, ತೂಕವೇ ಹೇಳುತ್ತದೆ. ಹಾಕುವಾಗ ಬೆಳಗ್ಗೆ ಹಾಕಿ, ಬುಡಕ್ಕೆ ಹಾಕಿ, ಕೆಳಗಿನ ತೂತಿನಿಂದ ಸ್ವಲ್ಪ ಹರಿದುಹೋಗುವಷ್ಟು ಧಾರಾಳವಾಗಿ ಹಾಕಿ. ಆಮೇಲೆ ಒಣಗುವವರೆಗೆ ಅದರ ಕಡೆ ತಿರುಗಿ ನೋಡಬೇಡಿ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು, ಮೇಲಿನ ಪದರ ಸದಾ ಒದ್ದೆ, ಕೆಳಗೆ ಬೇರಿಗೆ ಏನೂ ಸಿಗುವುದಿಲ್ಲ. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ಅದರಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ.

ಇನ್ನು ಜಾಗ. ‘ಪೂರ್ಣ ಬಿಸಿಲು’ ಅಂತ ಚೀಟಿಯಲ್ಲಿ ಬರೆದಿರುತ್ತಾರಲ್ಲ, ಅದು ಎಳೆ ಬಿಸಿಲಿನ ದೇಶಗಳಿಗೆ ಸರಿ. ನಿಮ್ಮಲ್ಲಿ ಬೆಳಗಿನ ನಾಲ್ಕೈದು ಗಂಟೆ ಬಿಸಿಲು ಬಿದ್ದು ಮಧ್ಯಾಹ್ನದ ಮೇಲೆ ನೆರಳು ಬರುವ ಜಾಗ ಹುಡುಕಿ. ಪೂರ್ವಕ್ಕೆ ತೆರೆದ ಗೋಡೆಯ ಪಕ್ಕ ಒಳ್ಳೆಯದು. ಪಶ್ಚಿಮದ ಗೋಡೆ ಬೇಡವೇ ಬೇಡ, ಹಗಲೆಲ್ಲ ಕಾದ ಗೋಡೆ ರಾತ್ರಿಯೂ ಬಿಸಿ ಕಾರುತ್ತಿರುತ್ತದೆ, ಗಿಡಕ್ಕೆ ಬೇಕಾಗಿರುವ ರಾತ್ರಿಯ ತಂಪು ಸಿಗುವುದೇ ಇಲ್ಲ. ಸಿಮೆಂಟ್ ನೆಲದ ಮೇಲೆ ಇಟ್ಟ ಕುಂಡಕ್ಕೂ ಇದೇ ಗತಿ. ಇಟ್ಟಿಗೆಯ ಮೇಲೆ ಎತ್ತಿಡಿ. ಪೂರ್ತಿ ನೆರಳಿಗೂ ತಳ್ಳಬೇಡಿ, ಕಾಂಡ ಉದ್ದುದ್ದ ಬೆಳೆದು ಬಳುಕುತ್ತದೆ.

ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಇದ್ದರೆ ಮೊದಲು ಅದನ್ನು ಬದಲಿಸಿ. ಬಿಸಿಲು ನೇರವಾಗಿ ಬೀಳುವ ಬದಿಯಲ್ಲಿ ಬೇರು ಬೆಂದೇ ಹೋಗುತ್ತದೆ. ಮಣ್ಣಿನ ಕುಂಡದ ಗೋಡೆಯಿಂದ ನೀರು ಆವಿಯಾಗುವುದರಿಂದ ಒಳಗೆ ತಂಪು, ಗಾಳಿಯೂ ಆಡುತ್ತದೆ. ಪ್ಲಾಸ್ಟಿಕ್ಕೇ ಗತಿ ಅಂದರೆ ಅದನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಇಳಿಸಿ, ನಡುವಿನ ಸಂದಿಗೆ ಜಲ್ಲಿಯೋ ಒಣ ಎಲೆಯೋ ತುಂಬಿ. ಹಾಗಂತ ಜೆರೇನಿಯಂ ಅನ್ನೇ ತೀರಾ ದೊಡ್ಡ ಕುಂಡದಲ್ಲಿ ನೆಡಬೇಡಿ. ಬೇರು ಸ್ವಲ್ಪ ಇಕ್ಕಟ್ಟಾಗಿದ್ದರೆ ಅದು ಚೆನ್ನಾಗಿ ಹೂ ಬಿಡುತ್ತದೆ, ಬೇರು ತಲುಪದ ಮಣ್ಣು ಜಾಸ್ತಿ ಇದ್ದರೆ ಅದು ಒದ್ದೆಯಾಗಿಯೇ ಕೂತಿರುತ್ತದೆ.

ಮಣ್ಣಿಗೆ ನನ್ನ ಸಲಹೆ ಸರಳ. ತೋಟದ ಮಣ್ಣು, ಚೆನ್ನಾಗಿ ಕಳಿತ ಕಾಂಪೋಸ್ಟ್, ದಪ್ಪ ಮರಳು ಅಥವಾ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರವಾದ ಬಿಳಿ ಹರಳು) ಮೂರನ್ನೂ ಸಮಸಮ ಬೆರೆಸಿ. ಅಂಟು ಮಣ್ಣಾಗಿದ್ದರೆ ಮರಳಿನ ಪಾಲು ಹೆಚ್ಚಿಸಿ, ನುಣ್ಣನೆಯ ಮರಳು ಮಾತ್ರ ಬೇಡ, ಅದು ಗಾರೆಯ ಹಾಗೆ ಕಚ್ಚಿಕೊಳ್ಳುತ್ತದೆ. ಬರೀ ಕೊಕೊಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ ಬಂದ ನರ್ಸರಿ ಗಿಡಗಳನ್ನು ಹಾಗೇ ಬಿಡಬೇಡಿ. ಮೇಲ್ಗಡೆ ಒಣಗಿದಂತೆ ಕಂಡರೂ ಅದು ಒಳಗೆ ನೀರು ಹಿಡಿದುಕೊಂಡಿರುತ್ತದೆ, ನೀವು ಮೇಲೆ ನೋಡಿ ಮೋಸ ಹೋಗುತ್ತೀರಿ.

ಒಣ ಪ್ರದೇಶದಲ್ಲಿ ಇನ್ನೊಂದು ತೊಂದರೆ ಇದೆ, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನೀರಿನಲ್ಲಿರುವ ಉಪ್ಪು. ಬೋರಿನ ಗಡಸು ನೀರು ಹಾಕಿ ಹಾಕಿ, ಅದು ಆವಿಯಾಗಿ, ಉಪ್ಪು ಕುಂಡದಲ್ಲೇ ಉಳಿಯುತ್ತದೆ. ಕುಂಡದ ಹೊರಗೋಡೆಯಲ್ಲಿ, ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಎಲೆಯ ಅಂಚು ಸುಟ್ಟಂತೆ ಕಂದಾಗಿದ್ದರೆ ಅದೇ ಕಾರಣ ಇರಬಹುದು. ಇದಕ್ಕೆ ಮದ್ದು ಮಣ್ಣನ್ನು ತೊಳೆಯುವುದು. ಬೇಸಿಗೆ ಕಳೆದ ಮೇಲೆ ಒಂದು ದಿನ ಕುಂಡದ ಅಳತೆಯ ಎರಡರಷ್ಟು ನೀರನ್ನು ನಿಧಾನವಾಗಿ ಸುರಿದು, ಪೂರ್ತಿ ಹರಿದುಹೋಗಲು ಬಿಡಿ. ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಗಡಸು ನೀರಿನಿಂದ ಮಣ್ಣು ಸುಣ್ಣದ ಕಡೆಗೂ ವಾಲುತ್ತದೆ. ಮಣ್ಣು ಹುಳಿಯೋ ಸುಣ್ಣವೋ ಅಂತ ಅಳೆಯುವುದು ಪಿಎಚ್‌ನಲ್ಲಿ, 7 ನಡುಮಧ್ಯ, ಅದಕ್ಕಿಂತ ಕೆಳಗೆ ಹುಳಿ. ಜೋನಲ್ ಜೆರೇನಿಯಂಗೆ ಇಷ್ಟವಾದದ್ದು ಪಿಎಚ್ 6ರ ಆಸುಪಾಸಿನ ಮಣ್ಣು. 7 ದಾಟಿ ಮೇಲೆ ಹೋದರೆ ಕಬ್ಬಿಣದ ಅಂಶ ಮಣ್ಣಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಆಗ ಹಳದಿಯಾಗುವುದು ಎಳೆಯ ಎಲೆಗಳು, ನರ ಮಾತ್ರ ಹಸಿರು. ನೀವು ‘ಎಲೆ ಹಳದಿಯಾಯಿತು’ ಅಂತ ಮಾತ್ರ ಬರೆದಿದ್ದೀರಿ, ಯಾವ ಎಲೆ ಅಂತ ನೋಡಿ. ಕೆಳಗಿನ ಹಳೆಯ ಎಲೆಗಳು ಒಂದೊಂದಾಗಿ ಹಳದಿಯಾದರೆ ಅದು ಬೇಸಿಗೆಯ ಮಾಮೂಲಿ ಅಥವಾ ನೀರಿನ ಏರುಪೇರು. ತುದಿಯ ಎಳೆ ಎಲೆಗಳಾದರೆ ಕಬ್ಬಿಣ. ಎಲೆಯ ಅಂಚಿನಿಂದ ಒಳಕ್ಕೆ ತ್ರಿಕೋನದಂತೆ ಹಳದಿ ಇಳಿದು, ಜೊತೆಗೆ ಕೊಂಬೆಗಳು ಬಾಡಿದರೆ ಅದು ಬ್ಯಾಕ್ಟೀರಿಯಾದ ರೋಗ, ಅದಕ್ಕೆ ಮದ್ದಿಲ್ಲ, ಆ ಗಿಡವನ್ನು ತಕ್ಷಣ ಬೇರೆಯವುಗಳಿಂದ ದೂರ ಮಾಡಿ ನಾಶ ಮಾಡಿ.

ಗೊಬ್ಬರವನ್ನು ಈಗಲೇ ನಿಲ್ಲಿಸಿ. ಬೆಳೆಯದ ಗಿಡ ಗೊಬ್ಬರ ತೆಗೆದುಕೊಳ್ಳುವುದಿಲ್ಲ, ಅದು ಉಪ್ಪಾಗಿ ಕೂರುತ್ತದೆ. ಹೊಸ ಚಿಗುರು ಶುರುವಾದ ಮೇಲೆ ನೀರಿನಲ್ಲಿ ಕರಗುವ ಗೊಬ್ಬರವನ್ನು ಡಬ್ಬಿಯಲ್ಲಿ ಹೇಳಿದ್ದರ ಅರ್ಧ ಪ್ರಮಾಣದಲ್ಲಿ, ಎರಡು ವಾರಕ್ಕೊಮ್ಮೆ, ಒದ್ದೆ ಮಣ್ಣಿಗೆ ಕೊಟ್ಟರೆ ಸಾಕು. ಸಾರಜನಕ ಜಾಸ್ತಿ ಇರುವ ಗೊಬ್ಬರ ಬೇಡ. ಎಲೆ ಎಲೆಕೋಸಿನಷ್ಟು ಬರುತ್ತದೆ, ಹೂವಿಗೆ ಮಾತ್ರ ಕಾಯುತ್ತಾ ಕೂರಬೇಕು.

ಈಗ ಕತ್ತರಿ. ಇದು ಬಿಸಿಲು ಇಳಿದ ಮೇಲಿನ ಕೆಲಸ, ರಾತ್ರಿ ತಂಪಾಗತೊಡಗಿ ಗೆಣ್ಣುಗಳಲ್ಲಿ ಹಸಿರು ಚುಕ್ಕೆ ಕಂಡಾಗ. ಬೇಸಿಗೆಯ ನಡುವೆ ಕತ್ತರಿಸಿದರೆ ಕಾಂಡಕ್ಕೆ ಇದ್ದ ಅಷ್ಟಿಷ್ಟು ನೆರಳೂ ಹೋಗಿ ತೊಗಟೆ ಸುಡುತ್ತದೆ. ಸಮಯ ಬಂದಾಗ ಮಾತ್ರ ಕೈ ಹಿಂಜರಿಯಬಾರದು. ಬೋಳಾಗಿ ಉದ್ದ ಬೆಳೆದ ಕೊಂಬೆಯನ್ನು ಅರ್ಧದಷ್ಟು, ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಪ್ರತಿ ಕೊಂಬೆಯಲ್ಲಿ ಎರಡು ಮೂರು ಗೆಣ್ಣು, ಗಿಡದಲ್ಲಿ ಒಂದಷ್ಟು ಎಲೆ ಉಳಿದಿರಲಿ. ಪೂರ್ತಿ ಮರವಾದ, ಗೆಣ್ಣು ಮಾಸಿಹೋದ ಜಾಗಕ್ಕೆ ಇಳಿಸಿದರೆ ಚಿಗುರು ಬಾರದೆಯೂ ಇರಬಹುದು. ಗಿಡಕ್ಕೆ ಮೂರು ನಾಲ್ಕು ವರ್ಷವಾಗಿ ತೀರಾ ಮುದುಡಿದ್ದರೆ ಅದನ್ನು ಉಳಿಸಲು ಒದ್ದಾಡುವ ಬದಲು ಕಡ್ಡಿ ನೆಟ್ಟು ಹೊಸ ಗಿಡ ಮಾಡಿಕೊಳ್ಳಿ.

ಕಡ್ಡಿ ನೆಡುವುದು ಜೆರೇನಿಯಂನಷ್ಟು ಸುಲಭ ಬೇರೆ ಯಾವುದರಲ್ಲೂ ಇಲ್ಲ, ಅತಿ ಮಾಡದಿದ್ದರೆ. ಹೂವಿಲ್ಲದ ತುದಿಯಿಂದ 8ರಿಂದ 10 ಸೆಂಟಿಮೀಟರ್ ಉದ್ದದ ಕಡ್ಡಿ, ಗೆಣ್ಣಿನ ಕೆಳಗೆ ನೇರ ಕತ್ತರಿಸಿ. ಮೇಲೆ ಎರಡು ಮೂರು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ. ಗೆಣ್ಣಿನ ಪಕ್ಕ ಸಣ್ಣ ರೆಕ್ಕೆಯಂಥ ಪೊರೆಗಳಿರುತ್ತವೆ, ಅವನ್ನೂ ಕಿತ್ತುಹಾಕಿ, ಮಣ್ಣೊಳಗೆ ಕೊಳೆಯಲು ಶುರುವಾಗುವುದೇ ಅವು. ಕಡ್ಡಿಯನ್ನು ನೆರಳಿನಲ್ಲಿ ಅರ್ಧ ದಿನ ಹಾಗೇ ಇಡಿ, ಕತ್ತರಿಸಿದ ಮುಖ ಮುಟ್ಟಿದರೆ ಅಂಟದ ಹಾಗೆ ಒಣಗಲಿ. ಆಮೇಲೆ ಮರಳು ಜಾಸ್ತಿ ಇರುವ ಮಣ್ಣಲ್ಲಿ ನೆಟ್ಟು ಒಮ್ಮೆ ನೀರು ಹಾಕಿ ಬಿಡಿ. ಬೇರೆ ಕಡ್ಡಿಗಳಿಗೆ ಮಾಡುವ ಹಾಗೆ ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಬೇಡಿ, ನವಿರು ಕೂದಲಿನ ಎಲೆಗೆ ಬೂಷ್ಟು ಹಿಡಿಯುತ್ತದೆ. ಬೇರಿನ ಹಾರ್ಮೋನ್ ಪುಡಿಯೂ ಬೇಕಾಗಿಲ್ಲ. ಮೂರು ನಾಲ್ಕು ವಾರದಲ್ಲಿ ಮೆಲ್ಲಗೆ ಎಳೆದು ನೋಡಿದರೆ ಕಚ್ಚಿಕೊಂಡಿರುವುದು ಗೊತ್ತಾಗುತ್ತದೆ. ಬೇಸಿಗೆ ಶುರುವಾಗುವ ಮೊದಲೇ ಒಂದೆರಡು ಕಡ್ಡಿ ಹಾಕಿಟ್ಟುಕೊಳ್ಳುವುದು ಜಾಣತನ. ತಾಯಿಗಿಡ ಹೋದರೂ ತಳಿ ಉಳಿಯುತ್ತದೆ.

ಹೂಗೊಂಚಲು ಮುಗಿದ ಮೇಲೆ ಒಣಗಿದ ಹೂಗಳನ್ನಷ್ಟೇ ಚಿವುಟುವುದಲ್ಲ. ಉದ್ದ ದಂಟನ್ನು ಕಾಂಡಕ್ಕೆ ಸೇರುವ ಕಡೆ ಹಿಡಿದು ಕೆಳಕ್ಕೆ ಬಾಗಿಸಿ. ಅಲ್ಲೊಂದು ಗಂಟಿದೆ, ಅದು ‘ಟಕ್’ ಅಂತ ಸ್ವಚ್ಛವಾಗಿ ಮುರಿಯುತ್ತದೆ, ಕತ್ತರಿಯೇ ಬೇಡ.

ಹುಳುಗಳಲ್ಲಿ ನಿಜವಾಗಿ ಕಾಡುವುದು ಮೊಗ್ಗು ಕೊರೆಯುವ ಹಸಿರು ಹುಳು. ಗೊಂಚಲಿನಲ್ಲಿ ಅರಳಬೇಕಾದ ಮೊಗ್ಗು ಅರಳುತ್ತಿಲ್ಲ, ಪಕ್ಕದಲ್ಲಿ ಗುಂಡುಪಿನ್ನಿನಿಂದ ಚುಚ್ಚಿದಂಥ ತೂತು, ಕೆಳಗಿನ ಎಲೆಯ ಮೇಲೆ ಕರಿ ಹಿಕ್ಕೆ. ಇಷ್ಟು ಕಂಡರೆ ಸಂಜೆ ಟಾರ್ಚ್ ಹಿಡಿದು ಹುಡುಕಿ, ಸಿಕ್ಕೇ ಸಿಗುತ್ತದೆ. ಬಿಟಿ (ಹುಳುವನ್ನು ಕೊಲ್ಲುವ ಒಂದು ಬ್ಯಾಕ್ಟೀರಿಯಾ) ದ್ರಾವಣ ಕೆಲಸ ಮಾಡುತ್ತದೆ, ಆದರೆ ಹುಳು ಅದನ್ನು ತಿನ್ನಬೇಕು. ಮೊಗ್ಗಿನೊಳಗೆ ಹೊಕ್ಕ ಮೇಲೆ ಸಿಂಪಡಿಸಿದರೆ ಪ್ರಯೋಜನ ಕಡಿಮೆ, ಆ ಮೊಗ್ಗನ್ನೇ ಕಿತ್ತುಹಾಕಿ. ಬಿಸಿ ಒಣಗಾಳಿಯಲ್ಲಿ ಜೇಡನುಸಿಯೂ ಬರುತ್ತದೆ, ಬಳ್ಳಿ ಜೆರೇನಿಯಂಗೆ ಜಾಸ್ತಿ. ಬೆಳಗ್ಗೆ ಎಲೆಯ ಕೆಳಭಾಗಕ್ಕೆ ನೀರನ್ನು ರಭಸವಾಗಿ ಹೊಡೆದರೆ ಬಹುಪಾಲು ಹೋಗುತ್ತದೆ. ಎಲೆಯ ಅಡಿಯಲ್ಲಿ ಕಂದು ಪುಡಿ ಉಂಗುರ ಉಂಗುರವಾಗಿ ಕಾಣುವ ತುಕ್ಕು ರೋಗ ಒಣ ಹವೆಯಲ್ಲಿ ಕಡಿಮೆ. ಎಲೆ ಒದ್ದೆಯಾಗಿ ಉಳಿಯದಿದ್ದರೆ ಸಾಕು.

ಮುಂದಿನ ಸಲ ಗಿಡ ತರುವಾಗ ಜೋನಲ್ ಒಂದನ್ನೇ ನೋಡಬೇಡಿ. ಒಣ ಬಿಸಿಲಿಗೆ ನನ್ನ ಮೊದಲ ಆಯ್ಕೆ ಎಲೆಯಲ್ಲಿ ಪರಿಮಳ ಇರುವ ಪೆಲಾರ್ಗೋನಿಯಂಗಳು. ಗುಲಾಬಿ ಪರಿಮಳದ ಗ್ರೇವಿಯೋಲೆನ್ಸ್ ಬಗೆಯವು, ಓಕ್ ಎಲೆಯಂಥ ಎಲೆಯ ಕ್ವೆರ್ಸಿಫೋಲಿಯಂ, ನಿಂಬೆ ಪರಿಮಳದ ಕ್ರಿಸ್ಪಂ. ಹೂ ಸಣ್ಣದು, ಆದರೆ ಗಿಡ ಗಟ್ಟಿ. ಬೇರು ಇಳಿದ ಮೇಲೆ ನೆಲದಲ್ಲೇ ಪೊದೆಯಾಗಿ ನಿಲ್ಲುತ್ತವೆ. ಇದರಲ್ಲಿ ಒಂದು ಅಪವಾದ: ಪುದೀನ ವಾಸನೆಯ, ಮಖಮಲ್ಲಿನಂಥ ದೊಡ್ಡ ಎಲೆಯ ಟೊಮೆಂಟೋಸಂ. ಅದಕ್ಕೆ ನೆರಳೂ ಬೇಕು, ತೇವವೂ ಬೇಕು. ಬೂದು ಎಲೆ, ಕಡು ಕೆಂಗಪ್ಪು ಹೂವಿನ ಸಿಡಾಯ್ಡಿಸ್ ಸಿಕ್ಕರೆ ಬಿಡಬೇಡಿ, ಅಷ್ಟು ಕಡಿಮೆ ನೀರಲ್ಲಿ ಅಷ್ಟು ಚೆಂದ ಕಾಣುವ ಗಿಡ ಇನ್ನೊಂದಿಲ್ಲ. ಬಳ್ಳಿ ಜೆರೇನಿಯಂನ ದಪ್ಪ, ನುಣುಪು ಎಲೆ ಬಾಯಾರಿಕೆಯನ್ನು ತಡೆಯುತ್ತದೆ, ಮಧ್ಯಾಹ್ನದ ಬಿಸಿಲನ್ನು ಮಾತ್ರ ತಡೆಯುವುದಿಲ್ಲ. ದೊಡ್ಡ ಹೂವಿನ ರೀಗಲ್ ಬಗೆಯನ್ನು ನೋಡಿ ಮರುಳಾಗುವವರು ಬಹಳ. ಅದು ಮೊಗ್ಗು ಕಟ್ಟಬೇಕಾದರೆ ಕೆಲವು ವಾರ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯಬೇಕು. ನಿಮ್ಮಲ್ಲಿ ಅಷ್ಟು ಚಳಿ ಬೀಳದಿದ್ದರೆ ಹಣ ಹಾಳು. ‘ಸೊಳ್ಳೆ ಓಡಿಸುವ ಗಿಡ’ ಅಂತ ಮಾರುವುದೂ ಪರಿಮಳದ ಪೆಲಾರ್ಗೋನಿಯಂನ ಒಂದು ತಳಿಯೇ. ಎಲೆ ಉಜ್ಜಿದರೆ ಒಳ್ಳೆಯ ನಿಂಬೆ ವಾಸನೆ ಬರುತ್ತದೆ, ಆದರೆ ಕುಂಡದಲ್ಲಿ ಸುಮ್ಮನೆ ಕೂತ ಗಿಡ ಯಾವ ಸೊಳ್ಳೆಯನ್ನೂ ಓಡಿಸುವುದಿಲ್ಲ. ಸೊಳ್ಳೆ ಅದರ ಎಲೆಯ ಮೇಲೇ ಕೂರುತ್ತದೆ.

ನೆಲದಲ್ಲಿ ನೆಡುವ ನಿಜವಾದ ಜೆರೇನಿಯಂ ಕೇಳಿದಿರಿ. ಹೆಚ್ಚಿನವು ತಂಪು ಪ್ರದೇಶದವು, ನಿಮ್ಮಲ್ಲಿ ಒಂದು ಬೇಸಿಗೆ ದಾಟುವುದಿಲ್ಲ. ಹೆಸರುವಾಸಿಯಾದ ರೋಜಾನ್ ತಳಿ ಕೂಡ ನೀರು ಬೇಡುವ ಗಿಡ, ಒಣ ತೋಟಕ್ಕೆ ನಾನು ಹೇಳುವುದಿಲ್ಲ. ಆದರೆ ಕೆಲವು ಇವೆ. ಚಳಿಗಾಲ ತಕ್ಕಮಟ್ಟಿಗೆ ತಣ್ಣಗಿರುವ ಕಡೆ, ಮರದ ಕೆಳಗಿನ ಒಣ ನೆರಳಿಗೆ ಮ್ಯಾಕ್ರೋರೈಜಂ, ಅದರ ದಪ್ಪ ಕಾಂಡ ನೆಲದ ಮೇಲೇ ಹರಿಯುತ್ತದೆ. ಬಿಸಿಲಿಗೆ ಸ್ಯಾಂಗ್ವಿನಿಯಂ. ಚಳಿಗಾಲ ಬೆಚ್ಚಗಿದ್ದರೆ ದಕ್ಷಿಣ ಆಫ್ರಿಕಾದ ಇಂಕಾನಂ, ದಾರದಂಥ ಎಲೆ, ನೇರಳೆ ಹೂ, ಬೀಜ ಬಿದ್ದು ತಾನೇ ಹರಡುತ್ತದೆ. ಟ್ಯೂಬರೋಸಂ, ಮಾಲ್ವಿಫ್ಲೋರಂ ಎರಡೂ ಗೆಡ್ಡೆಯವು, ಬೇಸಿಗೆಯಲ್ಲಿ ನೆಲದಡಿಗೆ ಮಾಯವಾಗಿ ತಂಪು ಬಂದ ಮೇಲೆ ಮತ್ತೆ ಎಲೆ ಬಿಡುತ್ತವೆ. ಎಲ್ಲಿ ನೆಟ್ಟಿದ್ದೀರಿ ಅಂತ ಒಂದು ಕಡ್ಡಿ ಚುಚ್ಚಿಡಿ, ಇಲ್ಲದಿದ್ದರೆ ಅಗೆದುಹಾಕಿಬಿಡುತ್ತೀರಿ.

ಮಡೈರಾ ದ್ವೀಪದ ಮಡೆರೆನ್ಸೆ ನನಗೆ ಬಹಳ ಇಷ್ಟ. ಎದೆಯೆತ್ತರಕ್ಕೆ ಬೆಳೆಯುತ್ತದೆ, ಎರಡು ಮೂರು ವರ್ಷ ಬರೀ ಎಲೆ, ಆಮೇಲೆ ಒಮ್ಮೆಗೇ ಗುಲಾಬಿ ಹೂವಿನ ದೊಡ್ಡ ಗುಡ್ಡೆ, ಬೀಜವಾಗಿ ಗಿಡ ಸಾಯುತ್ತದೆ. ಅದರ ಕೆಳಗಿನ ಎಲೆಗಳು ಒಣಗಿದರೂ ತೊಟ್ಟು ಉದುರುವುದಿಲ್ಲ, ಕೆಳಕ್ಕೆ ಬಾಗಿ ನೆಲಕ್ಕೆ ಊರಿಕೊಳ್ಳುತ್ತದೆ, ತಲೆಭಾರದ ಗಿಡಕ್ಕೆ ಊರುಗೋಲು ಅದೇ. ನೋಡಲು ಚೆನ್ನಾಗಿಲ್ಲ ಅಂತ ಅವನ್ನು ಕತ್ತರಿಸಿದವರ ಗಿಡ ಗಾಳಿಗೆ ಉರುಳುತ್ತದೆ. ಇದಕ್ಕೆ ಸ್ವಲ್ಪ ನೆರಳು ಬೇಕು, ಹಿಮ ಆಗುವುದಿಲ್ಲ. ಇದೇ ಕುಟುಂಬದ ಇರೋಡಿಯಂಗಳನ್ನೂ ಹುಡುಕಿ ನೋಡಿ, ಕಲ್ಲು ಮಣ್ಣು, ಬಿಸಿಲು, ಕಡಿಮೆ ನೀರು ಇವಕ್ಕೆ ಹೇಳಿ ಮಾಡಿಸಿದ ಪುಟ್ಟ ಗಿಡಗಳು.

ನೆಲದಲ್ಲಿ ಯಾವುದನ್ನೇ ನೆಟ್ಟರೂ ತಂಪು ಕಾಲದ ಶುರುವಿನಲ್ಲಿ ನೆಡಿ, ಬೇಸಿಗೆಗೆ ಮುಂಚೆ ಬೇರು ಆಳಕ್ಕೆ ಇಳಿಯಬೇಕು. ಜಾಗವನ್ನು ಸ್ವಲ್ಪ ಎತ್ತರಿಸಿ ದಿಬ್ಬ ಮಾಡಿ, ಮೇಲೆ ಜಲ್ಲಿಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗುವಂತೆ ಒದ್ದೆ ಎಲೆ ಗೊಬ್ಬರ ಗುಡ್ಡೆ ಮಾಡಬೇಡಿ.

ಸದ್ಯಕ್ಕೆ ಉಳಿದ ಕುಂಡಗಳನ್ನು ಮಧ್ಯಾಹ್ನದ ನೆರಳಿಗೆ ಸರಿಸಿ, ಇರುವ ಮೊಗ್ಗುಗಳನ್ನು ಮುರಿದುಹಾಕಿ, ಮಣ್ಣು ಒಣಗುವವರೆಗೆ ನೀರು ಹಾಕಬೇಡಿ. ಎಲೆ ಅರ್ಧಕ್ಕರ್ಧ ಉದುರಿದರೂ ಕಾಂಡ ಗಟ್ಟಿ ಹಸಿರಾಗಿದ್ದರೆ ಗಿಡ ಬದುಕಿದೆ. ಉಗುರಿನಿಂದ ಒಂಚೂರು ಕೆರೆದು ನೋಡಿದರೆ ಗೊತ್ತಾಗುತ್ತದೆ. ಹೋದ ಗಿಡದ ಜಾಗಕ್ಕೆ ಹೊಸದನ್ನು ಈಗಲೇ ತರಬೇಡಿ, ರಾತ್ರಿ ತಂಪಾಗುವವರೆಗೆ ಆ ಕುಂಡ ಖಾಲಿಯೇ ಇರಲಿ.